ಐದು ಗೆರೆಯ ನಕ್ಷತ್ರ, ಹತ್ತಾರು ಅರ್ಥ

ಪೆನ್ಸಿಲನ್ನು ಹಾಳೆಯಿಂದ ಎತ್ತಬಾರದು, ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೆ ಎಳೆಯಬಾರದು. ಆದರೂ ನಕ್ಷತ್ರವೊಂದು ಮೂಡಬೇಕು. ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ಆಟ ಹೊಸದಲ್ಲ. ಎಡ ಕೆಳಮೂಲೆಯಿಂದ ಮೇಲಕ್ಕೆ ಒಂದು ಗೆರೆ, ಅಲ್ಲಿಂದ ಬಲ ಕೆಳಮೂಲೆಗೆ ಎರಡನೆಯದು, ಓರೆಯಾಗಿ ಎಡಕ್ಕೆ ಮೂರನೆಯದು, ಅಡ್ಡಲಾಗಿ ಬಲಕ್ಕೆ ನಾಲ್ಕನೆಯದು, ಹೊರಟ ಜಾಗಕ್ಕೇ ಮರಳುವ ಐದನೆಯದು. ಅರ್ಧ ನಿಮಿಷದ ಕೆಲಸ.

ಇಂಗ್ಲಿಷಿನಲ್ಲಿ ಇದಕ್ಕೆ ಪೆಂಟಾಗ್ರಾಂ ಎಂದು ಹೆಸರು. ಪಶ್ಚಿಮದ ಗೂಢವಿದ್ಯೆಯ ಪುಸ್ತಕಗಳನ್ನು ತೆರೆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ಚಿತ್ರ ಇದೇ. ಇಂಗ್ಲಿಷ್ ಭಯಾನಕ ಚಲನಚಿತ್ರಗಳನ್ನು ನೋಡಿದವರಿಗಂತೂ ನೆಲದ ಮೇಲೆ ಈ ನಕ್ಷತ್ರ, ಸುತ್ತ ಮೇಣದ ಬತ್ತಿಗಳು ಕಂಡ ಕೂಡಲೇ ಇನ್ನೇನು ಸೈತಾನ ಬರುತ್ತಾನೆ ಎಂದು ಗೊತ್ತಾಗಿಬಿಡುತ್ತದೆ. ಸ್ವಾರಸ್ಯವೆಂದರೆ, ಯೂರೋಪಿನಲ್ಲಿ ನೂರಾರು ವರ್ಷಗಳ ಕಾಲ ಜನ ಇದನ್ನು ಬರೆದದ್ದು ಸೈತಾನನನ್ನು ಕರೆಯುವುದಕ್ಕಲ್ಲ, ಹೊರಗಿಡುವುದಕ್ಕೆ. ಕಾಯುವ ಗುರುತು ಕಾಡುವ ಗುರುತಾದದ್ದು ಹೇಗೆ? ಆ ಬದಲಾವಣೆ ಎಷ್ಟು ಹಳೆಯದು? ಅದರಿಂದ ಯಾರಿಗೆ ಏನಾಯಿತು?

ಮೂಲೆಯಲ್ಲಿ ಮೂವತ್ತಾರು ಡಿಗ್ರಿ

ಮೊದಲು ಆಕೃತಿಯನ್ನೇ ನೋಡೋಣ. ಐದು ಸಮಬಾಹುಗಳ ಪಂಚಕೋನ ಬರೆದು ಅದರ ಐದು ಕರ್ಣಗಳನ್ನು ಎಳೆದರೆ ಒಳಗೆ ಈ ನಕ್ಷತ್ರ ಮೂಡುತ್ತದೆ. ಪ್ರತಿ ತುದಿಯ ಕೋನ 36 ಡಿಗ್ರಿ. ಐದು ತುದಿಗಳನ್ನು ಕೂಡಿಸಿದರೆ 180 ಡಿಗ್ರಿ, ಅಂದರೆ ಒಂದು ತ್ರಿಭುಜದಲ್ಲಿ ಇರುವಷ್ಟೇ. ಕರ್ಣವನ್ನು ಬಾಹುವಿನಿಂದ ಭಾಗಿಸಿದರೆ ಬರುವುದು ಸುಮಾರು 1.618. ಗಣಿತಜ್ಞರು ಸುವರ್ಣ ಅನುಪಾತ ಎಂದು ಕರೆಯುವುದು ಇದನ್ನೇ.

ನಕ್ಷತ್ರದ ನಡುವೆ ಇನ್ನೊಂದು ಚಿಕ್ಕ ಪಂಚಕೋನ ತಲೆಕೆಳಗಾಗಿ ಕುಳಿತಿರುತ್ತದೆ. ಅದರ ಕರ್ಣಗಳನ್ನು ಎಳೆದರೆ ಅಲ್ಲೊಂದು ಪುಟ್ಟ ನಕ್ಷತ್ರ, ಅದರೊಳಗೆ ಮತ್ತೂ ಚಿಕ್ಕ ಪಂಚಕೋನ. ಪೆನ್ಸಿಲಿನ ಮೊನೆ ಸೋಲಬೇಕೇ ಹೊರತು ಆಕೃತಿ ಮುಗಿಯುವುದಿಲ್ಲ. ಇದರಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ದೊಡ್ಡ ಪಂಚಕೋನದ ಕರ್ಣದಲ್ಲಿ ಬಾಹುವನ್ನು ಕಳೆದರೆ ಉಳಿಯುವುದು ಒಳಗಿನ ಪಂಚಕೋನದ ಕರ್ಣ. ಅದನ್ನು ಮತ್ತೆ ದೊಡ್ಡ ಬಾಹುವಿನಿಂದ ಕಳೆದರೆ ಉಳಿಯುವುದು ಒಳಗಿನ ಬಾಹು. ಹಾಗಾದರೆ ಕರ್ಣ ಮತ್ತು ಬಾಹು ಎರಡನ್ನೂ ಶೇಷವಿಲ್ಲದೆ ಅಳೆಯುವ ಒಂದು ಅಳತೆಗೋಲು ಇದ್ದರೆ, ಅದು ಒಳಗಿನ ಪಂಚಕೋನವನ್ನೂ ಅಳೆಯಬೇಕು. ಅದರೊಳಗಿನದನ್ನೂ, ಅದರೊಳಗಿನದನ್ನೂ ಅಳೆಯಬೇಕು. ಆಕೃತಿಗಳು ಚಿಕ್ಕದಾಗುತ್ತ ಹೋಗಿ ಒಂದು ಹಂತದಲ್ಲಿ ಅಳತೆಗೋಲಿಗಿಂತಲೂ ಚಿಕ್ಕದಾಗುತ್ತವೆ. ಆದ್ದರಿಂದ ಅಂಥ ಅಳತೆಗೋಲು ಇರಲು ಸಾಧ್ಯವೇ ಇಲ್ಲ. ಎರಡು ಪೂರ್ಣಾಂಕಗಳ ಭಾಗಲಬ್ಧವಾಗಿ ಬರೆಯಲಾಗದ ಸಂಖ್ಯೆಗಳು ಇವೆ ಎಂಬುದನ್ನು ಗ್ರೀಕರು ಮೊದಲು ಕಂಡುಕೊಂಡದ್ದು ಈ ಪಂಚಕೋನದಲ್ಲೇ ಇರಬಹುದು ಎಂದು ಗಣಿತದ ಇತಿಹಾಸಕಾರರಲ್ಲಿ ಕೆಲವರು ವಾದಿಸಿದ್ದಾರೆ.

ಇಷ್ಟು ವಿಚಿತ್ರ ಗುಣಗಳಿರುವ ಆಕೃತಿಗೆ ಪ್ರಾಚೀನರು ಶಕ್ತಿಯೊಂದನ್ನು ಆರೋಪಿಸಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಪಂಥದವರ ಗುರುತು

ಐದು ಮೂಲೆಯ ಈ ಗುರುತು ಮೆಸೊಪಟೇಮಿಯದ ಬಹು ಹಳೆಯ ಮಡಕೆ, ಹಲಗೆಗಳ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ಸ್ಪಷ್ಟ ಅರ್ಥ ಹೇಳುವ ಬರಹ ದೊರೆಯುವುದು ಗ್ರೀಕರಲ್ಲಿ. ಕ್ರಿ.ಪೂ. 6ನೆಯ ಶತಮಾನದ ಪೈಥಾಗೊರಸ್ ಶಾಲೆಯ ಮಕ್ಕಳಿಗೆ ಲಂಬಕೋನ ತ್ರಿಭುಜದ ಪ್ರಮೇಯದಿಂದ ಪರಿಚಿತ. ಅವನ ಸುತ್ತ ಬೆಳೆದದ್ದು ಬರಿಯ ಗಣಿತದ ಶಾಲೆಯಲ್ಲ. ಊಟ, ಉಡುಗೆ, ಮೌನ ಎಲ್ಲಕ್ಕೂ ನಿಯಮವಿದ್ದ ಒಂದು ಪಂಥ. ಈ ಪಂಥದವರು ಪರಸ್ಪರ ಗುರುತಿಸಿಕೊಳ್ಳಲು ಪೆಂಟಾಗ್ರಾಂ ಬಳಸುತ್ತಿದ್ದರು, ಅದನ್ನು ‘ಆರೋಗ್ಯ’ ಎಂದು ಕರೆಯುತ್ತಿದ್ದರು ಎಂದು ಕ್ರಿ.ಶ. 2ನೆಯ ಶತಮಾನದ ಲೇಖಕ ಲೂಸಿಯನ್ ತಿಳಿಸುತ್ತಾನೆ.

ಪೈಥಾಗೊರಸನ ಚರಿತ್ರೆ ಬರೆದ ಇಯಾಂಬ್ಲಿಕಸ್ ಒಂದು ಕಥೆ ಹೇಳುತ್ತಾನೆ. ದೂರದ ಪ್ರಯಾಣದಲ್ಲಿದ್ದ ಪಂಥದವನೊಬ್ಬ ದಾರಿಯ ಛತ್ರವೊಂದರಲ್ಲಿ ಕಾಯಿಲೆ ಬಿದ್ದ. ಕೈಯಲ್ಲಿ ಹಣವಿಲ್ಲ. ಛತ್ರದ ಯಜಮಾನ ಕರುಣೆಯಿಂದ ತನ್ನ ಖರ್ಚಿನಲ್ಲೇ ಉಪಚರಿಸಿದ. ಸಾಯುವ ಮುನ್ನ ಆ ಯಾತ್ರಿಕ ಹಲಗೆಯೊಂದರ ಮೇಲೆ ಗುರುತು ಬರೆದುಕೊಟ್ಟು, ಅದನ್ನು ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ತೂಗುಹಾಕಲು ಹೇಳಿದ. ಬಹಳ ಕಾಲದ ಮೇಲೆ ಆ ದಾರಿಯಲ್ಲಿ ಬಂದ ಇನ್ನೊಬ್ಬ ಪಂಥದವನು ಗುರುತನ್ನು ಕಂಡು, ವಿಚಾರಿಸಿ, ಯಜಮಾನ ಖರ್ಚು ಮಾಡಿದ್ದಕ್ಕಿಂತ ಹೆಚ್ಚಿನ ಹಣ ಕೊಟ್ಟು ಹೋದನಂತೆ. ಇಯಾಂಬ್ಲಿಕಸ್ ಬರೆದಿರುವುದು ‘ಒಂದು ಗುರುತು’ ಎಂದಷ್ಟೆ. ಅದು ಪೆಂಟಾಗ್ರಾಮೇ ಎಂದು ಸೇರಿಸಿದವರು ಅನಂತರದವರು. ಇರಲಿ, ಕಥೆ ಒಂದು ವಿಷಯವನ್ನು ಚೆನ್ನಾಗಿ ತೋರಿಸುತ್ತದೆ. ಆ ಹಲಗೆ ಛತ್ರದ ಯಜಮಾನನಿಗೆ ಗೀಚು, ಪಂಥದವನಿಗೆ ಸಾಲಪತ್ರ. ಅರ್ಥ ಇದ್ದದ್ದು ಹಲಗೆಯಲ್ಲಲ್ಲ, ಓದಬಲ್ಲವನ ತಲೆಯಲ್ಲಿ.

ಆಕಾಶದಲ್ಲೊಂದು ನಕ್ಷತ್ರ

ಗೂಢವಿದ್ಯೆಯ ಇತ್ತೀಚಿನ ಪುಸ್ತಕಗಳಲ್ಲಿ ಇನ್ನೊಂದು ಮಾತು ಪದೇ ಪದೇ ಬರುತ್ತದೆ: ಶುಕ್ರಗ್ರಹ ಆಕಾಶದಲ್ಲಿ ಈ ನಕ್ಷತ್ರವನ್ನು ಬರೆಯುತ್ತದೆ, ಆದ್ದರಿಂದ ಇದು ಪ್ರೇಮದೇವತೆಯ ಚಿಹ್ನೆ ಎಂದು. ಮಾತಿನ ಮೊದಲರ್ಧ ನಿಜ. ಶುಕ್ರ, ಭೂಮಿಗೂ ಸೂರ್ಯನಿಗೂ ನಡುವೆ ಸುಮಾರು 584 ದಿನಗಳಿಗೊಮ್ಮೆ ಬರುತ್ತದೆ. ಇಂಥ ಐದು ಭೇಟಿಗಳಿಗೆ 2920 ದಿನ, ಅಂದರೆ ಸರಿಸುಮಾರು ಎಂಟು ವರ್ಷ. ಐದು ಭೇಟಿಗಳು ನಡೆಯುವ ಸ್ಥಾನಗಳನ್ನು ರಾಶಿಚಕ್ರದ ಮೇಲೆ ಗುರುತಿಸಿ ಕ್ರಮವಾಗಿ ಗೆರೆಯಿಂದ ಕೂಡಿಸಿದರೆ ಅಚ್ಚುಕಟ್ಟಾದ ಪೆಂಟಾಗ್ರಾಂ ಸಿಗುತ್ತದೆ. ಗಣಿತದ ಶಿಕ್ಷಕರು ಮಕ್ಕಳಿಂದ ಮಾಡಿಸಬಹುದಾದ ಒಳ್ಳೆಯ ಚಟುವಟಿಕೆ ಇದು.

ಮಾತಿನ ಉಳಿದರ್ಧಕ್ಕೆ ಮಾತ್ರ ಆಧಾರವಿಲ್ಲ. ಶುಕ್ರನ ಎಂಟು ವರ್ಷದ ಆವರ್ತವನ್ನು ಬಾಬಿಲೋನಿನ ಜ್ಯೋತಿಷಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರು ಶುಕ್ರಕ್ಕೆ ಸಂಬಂಧಿಸಿದ ಇಷ್ತಾರ್ ದೇವಿಗೆ ಕಲ್ಲಿನ ಮೇಲೆ ಸಾಮಾನ್ಯವಾಗಿ ಕೆತ್ತಿಸುತ್ತಿದ್ದುದು ಐದು ಮೂಲೆಯ ನಕ್ಷತ್ರವನ್ನಲ್ಲ, ಎಂಟು ಮೂಲೆಯದನ್ನು. ಎರಡು ಸಂಗತಿಗಳು ಒಂದಕ್ಕೊಂದು ಸುಂದರವಾಗಿ ಹೊಂದುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತು ಎನ್ನಲಾಗುವುದಿಲ್ಲ. ಸೇಬಿನ ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಬೀಜಗಳ ಗೂಡು ಐದು ಮೂಲೆಯಾಗಿ ಕಾಣುತ್ತದೆ. ಅದನ್ನು ನೋಡಿ ಮೂಲ ಹೇಳುವವರೂ ಇದ್ದಾರೆ. ಇವೆಲ್ಲ ಆಮೇಲೆ ಹೊಂದಿಸಿದ ಅರ್ಥಗಳು.

ಹೊಸ್ತಿಲಿನ ಕಾವಲು

ಮಧ್ಯಯುಗದ ಯೂರೋಪಿಗೆ ಬಂದರೆ ಪೆಂಟಾಗ್ರಾಂ ಅಚ್ಚ ಕ್ರೈಸ್ತ ಚಿಹ್ನೆಯಾಗಿ ಎದುರಾಗುತ್ತದೆ. ‘ಸರ್ ಗವೇನ್ ಮತ್ತು ಹಸಿರು ವೀರ’ 14ನೆಯ ಶತಮಾನದ ಕೊನೆಯ ಭಾಗದ ಇಂಗ್ಲಿಷ್ ಕಾವ್ಯ. ಬರೆದವನ ಹೆಸರು ಗೊತ್ತಿಲ್ಲ. ಉಳಿದಿರುವ ಒಂದೇ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಆರ್ಥರ್ ದೊರೆಯ ವೀರ ಗವೇನ್ ಹಿಡಿಯುವ ಕೆಂಪು ಗುರಾಣಿಯ ಮೇಲೆ ಚಿನ್ನದ ಪೆಂಟಾಗ್ರಾಂ ಇದೆ. ಕವಿ ಕಥೆಯನ್ನು ನಿಲ್ಲಿಸಿ ಅದರ ಅರ್ಥ ವಿವರಿಸುತ್ತಾನೆ: ವೀರನ ತಪ್ಪದ ಐದು ಇಂದ್ರಿಯಗಳು, ಸೋಲದ ಐದು ಬೆರಳುಗಳು, ಕ್ರಿಸ್ತನ ಐದು ಗಾಯಗಳು, ಮೇರಿಮಾತೆಯ ಐದು ಆನಂದಗಳು, ಉದಾರತೆ ಮೊದಲಾದ ಐದು ಸದ್ಗುಣಗಳು. ಒಂದು ಗೆರೆ ಇನ್ನೊಂದರಲ್ಲಿ ಸೇರಿ ಎಲ್ಲಿಯೂ ಕಡಿಯದೆ ಸಾಗುವುದರಿಂದ ಇಂಗ್ಲೆಂಡಿನ ಜನ ಇದನ್ನು ಕೊನೆಯಿಲ್ಲದ ಗಂಟು ಎಂದು ಕರೆಯುತ್ತಾರೆಂದೂ ಹೇಳುತ್ತಾನೆ.

ಈ ಕಡಿಯದ ಗೆರೆಯೇ ಪೆಂಟಾಗ್ರಾಮಿನ ಮಾಂತ್ರಿಕ ಶಕ್ತಿಯ ಗುಟ್ಟು. ಆರು ಮೂಲೆಯ ನಕ್ಷತ್ರ ಎರಡು ಬಿಡಿ ತ್ರಿಭುಜಗಳು ಸೇರಿ ಆಗುವಂಥದು. ಅದನ್ನು ಬರೆಯುವ ಸಾಮಾನ್ಯ ಕ್ರಮದಲ್ಲಿ ಪೆನ್ಸಿಲ್ ಒಮ್ಮೆ ಮೇಲೇಳುತ್ತದೆ. ಐದು ಮೂಲೆಯದು ಒಂದೇ ಉಸಿರಿನಲ್ಲಿ ಹೊರಟು ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ. ಬಿರುಕಿಲ್ಲದ ಬೇಲಿಯಲ್ಲಿ ದುಷ್ಟಶಕ್ತಿ ನುಗ್ಗುವುದೆಲ್ಲಿಂದ? ಜರ್ಮನ್ ಭಾಷೆಯ ನಾಡುಗಳಲ್ಲಿ ಇದರ ಹೆಸರು ‘ಡ್ರೂಡೆನ್‌ಫುಸ್’, ಡ್ರೂಡೆಯ ಹೆಜ್ಜೆ. ಡ್ರೂಡೆ ಎಂದರೆ ರಾತ್ರಿ ಮಲಗಿದವರ ಎದೆಯ ಮೇಲೆ ಕುಳಿತು ಉಸಿರು ಕಟ್ಟಿಸುವ ಹೆಣ್ಣುಭೂತ. ಅದು ಬಾರದಿರಲೆಂದು ಬಾಗಿಲು, ಹೊಸ್ತಿಲು, ತೊಟ್ಟಿಲುಗಳ ಮೇಲೆ ನಕ್ಷತ್ರ ಬರೆಯುತ್ತಿದ್ದರು.

ಈ ನಂಬಿಕೆಯನ್ನೇ ಜರ್ಮನ್ ಮಹಾಕವಿ ಗಯಟೆ 1808ರಲ್ಲಿ ಪ್ರಕಟವಾದ ‘ಫೌಸ್ಟ್’ ನಾಟಕದಲ್ಲಿ ತಮಾಷೆಯಾಗಿ ಬಳಸಿಕೊಂಡಿದ್ದಾನೆ. ನಾಯಿಯ ರೂಪದಲ್ಲಿ ಫೌಸ್ಟನ ಕೋಣೆಯೊಳಗೆ ಬಂದ ಸೈತಾನದೂತ ಮೆಫಿಸ್ಟೋಫಿಲಿಸ್‌ಗೆ ಹೊರಹೋಗಲು ಆಗುವುದಿಲ್ಲ. ಹೊಸ್ತಿಲ ಮೇಲೆ ಪೆಂಟಾಗ್ರಾಂ ಇದೆ. ಹಾಗಾದರೆ ಒಳಗೆ ಬಂದದ್ದು ಹೇಗೆ? ಹೊರಗಡೆಯ ಒಂದು ಮೂಲೆಯಲ್ಲಿ ಗೆರೆಗಳು ಸರಿಯಾಗಿ ಕೂಡಿರಲಿಲ್ಲ. ಆ ಸಂದಿಯಲ್ಲಿ ನುಸುಳಿದ. ಕೊನೆಗೆ ಇಲಿಯೊಂದನ್ನು ಕರೆದು ಆ ಮೂಲೆಯನ್ನು ಕಡಿಸಿಕೊಂಡು ಪಾರಾಗುತ್ತಾನೆ. ಗಮನಿಸಬೇಕಾದದ್ದು, 1808ರಲ್ಲೂ ಪೆಂಟಾಗ್ರಾಂ ಸೈತಾನನ ಶತ್ರುವೇ ಆಗಿತ್ತು, ಗೆಳೆಯನಲ್ಲ.

ವಿದ್ವಾಂಸರ ಮಾಂತ್ರಿಕತೆ ಇನ್ನೊಂದು ದಾರಿಯಲ್ಲಿ ಸಾಗಿತ್ತು. ಜರ್ಮನಿಯ ಹೈನ್ರಿಖ್ ಕೊರ್ನೇಲಿಯಸ್ ಅಗ್ರಿಪ್ಪ ಗೂಢತತ್ತ್ವವನ್ನು ಕುರಿತು ಬರೆದ ಮೂರು ಭಾಗಗಳ ಗ್ರಂಥ 1533ರಲ್ಲಿ ಪೂರ್ಣವಾಗಿ ಅಚ್ಚಾಯಿತು. ಅದರಲ್ಲಿ ಕೈಕಾಲು ಚಾಚಿ ನಿಂತ ಮನುಷ್ಯನನ್ನು ಪೆಂಟಾಗ್ರಾಮಿನೊಳಗೆ ಕೂರಿಸಿದ ಚಿತ್ರವಿದೆ. ತಲೆ, ಎರಡು ಕೈ, ಎರಡು ಕಾಲು ಐದು ತುದಿಗಳನ್ನು ಮುಟ್ಟುತ್ತವೆ. ಸುತ್ತ ಗ್ರಹಗಳ ಗುರುತುಗಳು. ಬ್ರಹ್ಮಾಂಡದ ಅಳತೆಯೇ ಮನುಷ್ಯನ ಪಿಂಡದಲ್ಲೂ ಇದೆ ಎಂಬುದು ಅವನ ವಾದ. ಇಲ್ಲಿಯೂ ಕೇಡಿನ ಸುಳಿವಿಲ್ಲ.

ತಲೆಕೆಳಗು ಮಾಡಿದವನು

ನಕ್ಷತ್ರದ ಹಣೆಬರಹ ಬದಲಾದದ್ದು ಪ್ಯಾರಿಸಿನಲ್ಲಿ. ಅಲ್ಫೋನ್ಸ್ ಲೂಯಿ ಕೋನ್‌ಸ್ಟಾನ್ ಎಂಬಾತ 1810ರಲ್ಲಿ ಚಮ್ಮಾರನ ಮಗನಾಗಿ ಹುಟ್ಟಿದ. ಪಾದ್ರಿಯಾಗಲು ಓದಿ, ದೀಕ್ಷೆಯ ಹೊತ್ತಿಗೆ ಬಿಟ್ಟುಬಂದ. ತನ್ನ ಹೆಸರನ್ನು ಹೀಬ್ರೂ ಭಾಷೆಗೆ ತಿರುಗಿಸಿ ಎಲಿಫಾಸ್ ಲೇವಿ ಎಂದು ಕರೆದುಕೊಂಡ. 1854ರಿಂದ 1856ರ ಅವಧಿಯಲ್ಲಿ ಅವನು ಉನ್ನತ ಮಾಂತ್ರಿಕತೆಯ ತತ್ತ್ವ ಮತ್ತು ವಿಧಿಗಳನ್ನು ಕುರಿತು ಹೊರತಂದ ಪುಸ್ತಕ ಆಧುನಿಕ ಪಶ್ಚಿಮದ ಗೂಢವಿದ್ಯೆಗೆ ತಳಹದಿಯಾಯಿತು.

ಅದರಲ್ಲಿ ಲೇವಿ ಒಂದು ನಿಯಮ ಹಾಕಿದ. ಒಂದು ತುದಿ ಮೇಲಿದ್ದರೆ ಪೆಂಟಾಗ್ರಾಂ ಒಳ್ಳೆಯದು. ಎರಡು ತುದಿ ಮೇಲಿದ್ದರೆ ಕೆಟ್ಟದ್ದು. ಮೇಲಿನ ಎರಡು ತುದಿ ಮೇಕೆಯ ಕೊಂಬು, ಪಕ್ಕದ ಎರಡು ಕಿವಿ, ಕೆಳಗಿನದು ಗಡ್ಡ. ಲೇವಿಗಿಂತ ಮೊದಲು ಮೇಲು ಕೆಳಗಿನ ಈ ಭೇದವನ್ನು ವಿಧಿಸಿದ ಗ್ರಂಥ ಇತಿಹಾಸಕಾರರಿಗೆ ಸಿಕ್ಕಿಲ್ಲ. ಸಿಕ್ಕಿರುವ ಸಾಕ್ಷ್ಯ ಬೇರೆಯೇ ಕಥೆ ಹೇಳುತ್ತದೆ. ಫ್ರಾನ್ಸಿನ ಅಮಿಯೆನ್ಸ್ ಕೆಥೆಡ್ರಲ್‌ನ ಉತ್ತರ ಗೋಡೆಯ ದೊಡ್ಡ ದುಂಡು ಕಿಟಕಿಯಲ್ಲಿ ಮಧ್ಯಯುಗದ ಕಲ್ಲುಕುಟಿಗರು ಕೂರಿಸಿದ ಪೆಂಟಾಗ್ರಾಮಿನ ಒಂದು ತುದಿ ನೆಲದ ಕಡೆಗೇ ಇದೆ. ಅಮೆರಿಕದ ಭೂಸೈನ್ಯದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್‌ನ ನಕ್ಷತ್ರವೂ ತುದಿ ಕೆಳಗಾಗಿಯೇ ತೂಗುತ್ತದೆ. ಪಾದ್ರಿಗಳಾಗಲಿ ಸೇನಾಪತಿಗಳಾಗಲಿ ಇದರಲ್ಲಿ ಮೇಕೆಯನ್ನು ಕಂಡಿರಲಿಲ್ಲ.

ಆದರೆ ಅಚ್ಚಾದ ಮಾತಿಗೆ ಕಾಲು ಬರುತ್ತದೆ. ಫ್ರಾನ್ಸಿನವನೇ ಆದ ಸ್ತಾನಿಸ್ಲಾಸ್ ದ ಗ್ವಾಯಿತಾ 1897ರ ತನ್ನ ಪುಸ್ತಕದಲ್ಲಿ ಲೇವಿಯ ಮಾತನ್ನು ಚಿತ್ರವಾಗಿಸಿದ: ತಲೆಕೆಳಗಾದ ಪೆಂಟಾಗ್ರಾಂ, ಅದರೊಳಗೆ ಮೇಕೆಯ ಮುಖ. ಇದರಲ್ಲೊಂದು ವ್ಯಂಗ್ಯವಿದೆ. ಲೇವಿ ತಾನೇ ಬರೆದ, ಇಂದಿಗೂ ಸೈತಾನನ ಚಿತ್ರವೆಂದು ಹಲವರು ನಂಬಿರುವ ರೆಕ್ಕೆಯ ಮೇಕೆಯ ಹಣೆಯಲ್ಲಿ ಇರುವುದು ನೆಟ್ಟಗಿನ ಪೆಂಟಾಗ್ರಾಂ, ಅಂದರೆ ಅವನ ಲೆಕ್ಕದಲ್ಲಿ ಒಳ್ಳೆಯದು.

ಪಂಥಗಳಿಂದ ಪಂಥಗಳಿಗೆ

1888ರಲ್ಲಿ ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ಗುಪ್ತ ಮಂಡಲಿ ಆರಂಭವಾಯಿತು. ಸ್ಥಾಪಕರಲ್ಲಿ ಒಬ್ಬನಾದ ವಿಲಿಯಂ ವಿನ್ ವೆಸ್ಟ್‌ಕಾಟ್ ವೃತ್ತಿಯಿಂದ ವೈದ್ಯ, ಅಸಹಜ ಸಾವುಗಳ ವಿಚಾರಣೆ ನಡೆಸುವ ಸರ್ಕಾರಿ ಅಧಿಕಾರಿ. ಮುಂದೆ 1923ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕವಿ ಯೇಟ್ಸ್ 1890ರಲ್ಲಿ ಈ ಮಂಡಲಿಯನ್ನು ಸೇರಿದ. ನಾಲ್ಕು ದಿಕ್ಕಿಗೂ ತಿರುಗಿ ಗಾಳಿಯಲ್ಲಿ ಬೆರಳಿನಿಂದಲೋ ಕತ್ತಿಯಿಂದಲೋ ಪೆಂಟಾಗ್ರಾಂ ಬರೆಯುವುದು ಇವರ ಮೊದಲ ಪಾಠ. ಉದ್ದೇಶ ಮತ್ತದೇ: ಬೇಡದ ಶಕ್ತಿಗಳನ್ನು ದೂರವಿಡುವುದು. ಇದೇ ಮಂಡಲಿಯಲ್ಲಿದ್ದ ಆರ್ಥರ್ ವೇಟ್ ಮತ್ತು ಚಿತ್ರಕಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ 1909ರಲ್ಲಿ ಹೊರತಂದ ಟ್ಯಾರೋ ಎಲೆಗಳಲ್ಲಿ, ಹಳೆಯ ಕಟ್ಟುಗಳ ನಾಣ್ಯದ ಜಾಗಕ್ಕೆ ಪೆಂಟಾಗ್ರಾಂ ಬರೆದ ಬಿಲ್ಲೆಗಳು ಬಂದವು. ಅವನ್ನು ಪೆಂಟಕಲ್ ಎಂದರು. ಹಳೆಯ ಮಾಂತ್ರಿಕ ಗ್ರಂಥಗಳಲ್ಲಿ ಪೆಂಟಕಲ್ ಎಂದರೆ ಯಾವುದೇ ತಾಯಿತದ ಬಿಲ್ಲೆ, ಐದು ಮೂಲೆ ಇರಲೇಬೇಕೆಂದಿರಲಿಲ್ಲ. ಇಂದು ವೃತ್ತದೊಳಗಿನ ಪೆಂಟಾಗ್ರಾಮಿಗೆ ಅದೇ ಹೆಸರಾಗಿದೆ.

ಇಂಗ್ಲೆಂಡಿನಲ್ಲಿ ಮಾಟದ ಕಾಯಿದೆ 1951ರಲ್ಲಿ ರದ್ದಾಯಿತು. ಮಲಯದಲ್ಲಿ ಸುಂಕದ ಅಧಿಕಾರಿಯಾಗಿ ದುಡಿದು ನಿವೃತ್ತನಾಗಿದ್ದ ಜೆರಾಲ್ಡ್ ಗಾರ್ಡನರ್ 1954ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಪ್ರಕೃತಿಯನ್ನೂ ದೇವಿಯನ್ನೂ ಪೂಜಿಸುವ ಮಾಟಗಾರ್ತಿಯರ ಹಳೆಯ ಧರ್ಮ ಇನ್ನೂ ಬದುಕಿದೆ ಎಂದು ಸಾರಿದ. ವಿಕ್ಕ ಎಂಬ ಹೆಸರಿನಲ್ಲಿ ಅದು ಬೆಳೆಯಿತು. ಈ ಧರ್ಮದ ಗುರುತು ವೃತ್ತದೊಳಗಿನ ನೆಟ್ಟಗಿನ ಪೆಂಟಾಗ್ರಾಂ. ನೆಲ, ನೀರು, ಗಾಳಿ, ಬೆಂಕಿ, ಇವುಗಳ ಮೇಲೆ ಚೈತನ್ಯ ಎಂದು ಅವರು ಅರ್ಥ ಹೇಳುತ್ತಾರೆ. ಸೈತಾನನ ಕಲ್ಪನೆಯೇ ಅವರಲ್ಲಿಲ್ಲ.

ಅತ್ತ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಂಟನ್ ಲವೇ ಎಂಬಾತ ಸೈತಾನನ ಚರ್ಚು ಸ್ಥಾಪಿಸಿ, ಮೇಕೆಯ ಮುಖದ ತಲೆಕೆಳಗು ನಕ್ಷತ್ರವನ್ನು ಲಾಂಛನ ಮಾಡಿಕೊಂಡ. 1969ರ ಅವನ ಪುಸ್ತಕದ ರಕ್ಷಾಪುಟದಿಂದ ಅದು ಮನೆಮಾತಾಯಿತು. 1980ರ ದಶಕದ ಹೆವಿ ಮೆಟಲ್ ಸಂಗೀತ ತಂಡಗಳು ಹುಡುಗರನ್ನು ಸೆಳೆಯಲೆಂದು ಅದನ್ನೇ ಧ್ವನಿಮುದ್ರಿಕೆಗಳ ಹೊದಿಕೆಗೆ ಏರಿಸಿದವು. ಹೀಗೆ, ಹೆಚ್ಚೆಂದರೆ ನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಲೇಖಕ ಕೊಟ್ಟ ಅರ್ಥ ಸನಾತನ ಸತ್ಯವೆಂಬಂತೆ ಸಾಮಾನ್ಯ ಜನರ ಮನಸ್ಸಿನಲ್ಲಿ ನೆಲೆನಿಂತಿತು.

ಭಯಕ್ಕೆ ತೆತ್ತ ಬೆಲೆ

ಇಲ್ಲಿಯವರೆಗೆ ಇದು ಪುಸ್ತಕದ ಮಾತು. 1980ರ ದಶಕದಲ್ಲಿ ಅಮೆರಿಕದಲ್ಲಿ ಅದು ಬೀದಿಗೆ ಬಂತು. ಸೈತಾನನ ಗುಪ್ತ ಆರಾಧಕರು ದೇಶದ ತುಂಬ ಹರಡಿದ್ದಾರೆ, ಮಕ್ಕಳನ್ನು ಬಲಿ ಕೊಡುತ್ತಿದ್ದಾರೆ ಎಂಬ ಗುಲ್ಲು ಹಬ್ಬಿತು. ಯಾವ ಚಿಹ್ನೆ ಕಂಡರೆ ಎಚ್ಚರವಿರಬೇಕು ಎಂಬ ಪಟ್ಟಿಗಳು ಪೊಲೀಸರಿಗೂ ಶಿಕ್ಷಕರಿಗೂ ಹಂಚಿಕೆಯಾದವು. ಸೋಪು, ಪುಡಿ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಹಳೆಯ ಮುದ್ರೆಯಲ್ಲಿ ಚಂದ್ರನೂ 13 ನಕ್ಷತ್ರಗಳೂ ಇದ್ದವು. ಅಮೆರಿಕದ ಮೊದಲ 13 ವಸಾಹತುಗಳ ನೆನಪಿಗೆ ಹಾಕಿದ್ದ ನಕ್ಷತ್ರಗಳವು. ಅದು ಸೈತಾನನ ಗುರುತೆಂಬ ವದಂತಿ ಅಡಗಿಸಲಾಗದೆ ಕಂಪನಿ 1985ರಲ್ಲಿ ಸರಕುಗಳ ಮೇಲಿಂದ ಮುದ್ರೆಯನ್ನೇ ತೆಗೆಯಲು ತೀರ್ಮಾನಿಸಿತು.

ಕಂಪನಿಗೆ ಹೋದದ್ದು ಒಂದು ಮುದ್ರೆ. ಜನಸಾಮಾನ್ಯರಿಗೆ ಹೋದದ್ದು ಬದುಕು. ಕ್ಯಾಲಿಫೋರ್ನಿಯದ ಒಂದು ಶಿಶುವಿಹಾರದ ಮೇಲೆ 1983ರಲ್ಲಿ ಹೊರಿಸಿದ ಆರೋಪಗಳ ಮೊಕದ್ದಮೆ 1990ರವರೆಗೆ ನಡೆದು, ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಅಷ್ಟರಲ್ಲಿ ಅದನ್ನು ನಡೆಸುತ್ತಿದ್ದ ಕುಟುಂಬ ನೆಲ ಕಚ್ಚಿತ್ತು. ಅಮೆರಿಕದ ಕೇಂದ್ರ ತನಿಖಾ ದಳವಾದ ಎಫ್‌ಬಿಐನ ಅಧಿಕಾರಿ ಕೆನೆತ್ ಲ್ಯಾನಿಂಗ್ 1992ರಲ್ಲಿ ವರದಿ ಬರೆದು, ಸಂಘಟಿತ ಸೈತಾನ ಪಂಥಗಳು ನರಬಲಿ ಕೊಡುತ್ತಿವೆ ಎಂಬುದಕ್ಕೆ ಪುರಾವೆ ದೊರೆತಿಲ್ಲ ಎಂದು ತಿಳಿಸಿದ.

ವರದಿ ಬಂದ ಮರುವರ್ಷವೇ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ ಎಂಟು ವರ್ಷದ ಮೂವರು ಹುಡುಗರು ಕೊಲೆಯಾದರು. 1993ರ ಮೇ ತಿಂಗಳ ಆ ಘೋರ ಕೃತ್ಯಕ್ಕಾಗಿ 16ರಿಂದ 18 ವರ್ಷದ ಮೂವರನ್ನು ಬಂಧಿಸಲಾಯಿತು. ಒಬ್ಬನ ತಪ್ಪೊಪ್ಪಿಗೆ ಹೇಳಿಕೆ ಇತ್ತು. ಅದು ದೀರ್ಘ ವಿಚಾರಣೆಯ ಬಳಿಕ ಬಂದದ್ದು, ವಿವರಗಳು ಹೊಂದುತ್ತಿರಲಿಲ್ಲ, ಅವನು ಅದನ್ನು ಹಿಂತೆಗೆದುಕೊಂಡ. ಇನ್ನಿಬ್ಬರ ವಿಚಾರಣೆಯಲ್ಲಿ ಕಪ್ಪು ಅಂಗಿ, ಓದಿದ ಪುಸ್ತಕಗಳು, ಗೀಚಿದ ಬರಹ, ಕೇಳಿದ ಹಾಡುಗಳು ಚರ್ಚೆಗೆ ಬಂದವು. ಅಂಚೆಯ ಮೂಲಕ ಡಾಕ್ಟರೇಟ್ ಪಡೆದಿದ್ದ ‘ಗೂಢವಿದ್ಯಾ ತಜ್ಞ’ನೊಬ್ಬ ಸಾಕ್ಷಿಕಟ್ಟೆ ಏರಿ, ಕೊಲೆಯಲ್ಲಿ ಅಂಥ ಪಂಥದ ಲಕ್ಷಣಗಳಿವೆ ಎಂದ. 1994ರಲ್ಲಿ ಒಬ್ಬನಿಗೆ ಮರಣದಂಡನೆ, ಇಬ್ಬರಿಗೆ ಆಜೀವ ಸೆರೆವಾಸ ವಿಧಿಸಲಾಯಿತು. 2007ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಗಳಲ್ಲಿ ಸ್ಥಳದ ಯಾವ ವಸ್ತುವಿನಲ್ಲೂ ಈ ಮೂವರ ಕುರುಹು ಕಾಣಲಿಲ್ಲ. 2011ರ ಆಗಸ್ಟಿನಲ್ಲಿ, ತಾವು ನಿರಪರಾಧಿಗಳೆಂದು ಹೇಳುತ್ತಲೇ ತಾಂತ್ರಿಕವಾಗಿ ತಪ್ಪೊಪ್ಪಿಕೊಳ್ಳುವ ವಿಚಿತ್ರ ಒಪ್ಪಂದದ ಮೇಲೆ ಮೂವರೂ ಹೊರಬಂದರು. ಹದಿನೆಂಟು ವರ್ಷ ಕಳೆದಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೂ ಇದರಿಂದ ನ್ಯಾಯ ದೊರೆತಂತಾಗಲಿಲ್ಲ.

ಗೋರಿಗಲ್ಲಿನ ಮೇಲೆ

ಇನ್ನೊಂದು ಪ್ರಸಂಗ ಇಷ್ಟು ಕರಾಳವಲ್ಲ, ಆದರೆ ಅಷ್ಟೇ ಮನಮುಟ್ಟುವಂಥದು. 2005ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಹೆಲಿಕಾಪ್ಟರ್ ಒಂದನ್ನು ಹೊಡೆದುರುಳಿಸಲಾಯಿತು. ಸತ್ತವರಲ್ಲಿ ನೆವಾಡಾ ರಾಜ್ಯದ ಒಬ್ಬ ಸಾರ್ಜೆಂಟ್ ಇದ್ದ. ಅವನು ವಿಕ್ಕ ಧರ್ಮದವನು. ಸತ್ತ ಸೈನಿಕರ ಗೋರಿಗಲ್ಲಿನ ಮೇಲೆ ಅವರವರ ಧರ್ಮದ ಗುರುತು ಕೆತ್ತಿಸುವುದು ಅಲ್ಲಿನ ಸರ್ಕಾರದ ಪದ್ಧತಿ. ಮಾನ್ಯವಾದ 38 ಗುರುತುಗಳ ಪಟ್ಟಿ ಇತ್ತು. ನಾಸ್ತಿಕರಿಗೂ ಅದರಲ್ಲೊಂದು ಜಾಗವಿತ್ತು, ಪರಮಾಣುವಿನ ಚಿತ್ರ. ಪೆಂಟಕಲ್ ಮಾತ್ರ ಇರಲಿಲ್ಲ. ವಿಕ್ಕರು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದರೂ ತೀರ್ಮಾನವಾಗಿರಲಿಲ್ಲ.

ಸೈನಿಕನ ಹೆಂಡತಿ ಬೇರೆ ಗುರುತು ಬೇಡವೆಂದಳು. ಗುರುತಿಲ್ಲದ ಕಲ್ಲೂ ಬೇಡವೆಂದಳು. ನೆವಾಡಾ ರಾಜ್ಯ 2006ರಲ್ಲಿ ತನ್ನದೇ ಅಧಿಕಾರದಿಂದ ಫಲಕ ಹಾಕಿಸಿತು. ಕೇಂದ್ರ ಇಲಾಖೆಯ ವಿರುದ್ಧ ಮೊಕದ್ದಮೆ ಹೂಡಲಾಯಿತು. 2007ರ ಏಪ್ರಿಲಿನಲ್ಲಿ ಇಲಾಖೆ ರಾಜಿಗೆ ಬಂದು ಪೆಂಟಕಲ್ಲನ್ನು ಪಟ್ಟಿಗೆ ಸೇರಿಸಿತು. ಆ ಹೆಣ್ಣುಮಗಳು ಒಂದೂವರೆ ವರ್ಷ ಹೋರಾಡಿದ್ದು ಐದು ಗೆರೆ, ಒಂದು ವೃತ್ತಕ್ಕಾಗಿ. ದೇಶಕ್ಕಾಗಿ ಸತ್ತವನ ತಲೆಯ ಬಳಿ ಅವನ ನಂಬಿಕೆಯ ಗುರುತು ಇರಲಿ ಎಂಬುದಷ್ಟೇ ಅವಳ ಬೇಡಿಕೆ.

ಕೇಳಬೇಕಾದ ಪ್ರಶ್ನೆ

ಸ್ವಸ್ತಿಕವನ್ನು ಬಲ್ಲ ಭಾರತೀಯ ಓದುಗರಿಗೆ ಈ ಸಂಕಟ ಸುಲಭವಾಗಿ ಅರ್ಥವಾಗಬೇಕು. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಬಾಗಿಲಿನ ಮೇಲೆ ಶುಭವೆಂದು ಬರೆಯುವ ಚಿಹ್ನೆಯೇ 1920ರಲ್ಲಿ ಜರ್ಮನಿಯ ನಾಜಿ ಪಕ್ಷದ ಬಾವುಟ ಏರಿತು. ಆ ಬಾವುಟದ ಕೆಳಗೆ ಮನೆಮಂದಿಯನ್ನೆಲ್ಲ ಕಳೆದುಕೊಂಡ ಯಹೂದಿಗೆ ಅದನ್ನು ಕಂಡರೆ ಎದೆ ಝಲ್ಲೆನ್ನುವುದು ಸಹಜ. ವಿದೇಶದಲ್ಲಿ ನೆಲೆಸಿದ ಭಾರತೀಯರು ಗೃಹಪ್ರವೇಶದ ದಿನ ಬಾಗಿಲಿಗೆ ಅದನ್ನು ಬರೆಯುವುದೂ ಅಷ್ಟೇ ಸಹಜ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಒಂದೇ ಚಿತ್ರದಲ್ಲಿ ಬೇರೆ ಬೇರೆ ಚರಿತ್ರೆಯನ್ನು ಓದುತ್ತಿದ್ದಾರೆ.

ಪೆಂಟಾಗ್ರಾಮಿನದೂ ಇದೇ ಕಥೆ. ಅದು ಮೊರಾಕ್ಕೊ ದೇಶದ ಬಾವುಟದಲ್ಲಿ 1915ರಿಂದ ಹಸಿರು ಬಣ್ಣದಲ್ಲಿದೆ, ಇಥಿಯೋಪಿಯದ ಬಾವುಟದಲ್ಲಿ 1996ರಿಂದ ಹಳದಿ ಬಣ್ಣದಲ್ಲಿದೆ. ಅಲ್ಲಿ ಅದಕ್ಕೆ ಯಾರೂ ಹೆದರುವುದಿಲ್ಲ. ಗುರುತೊಂದನ್ನು ಕಂಡಾಗ ಇದರ ಅರ್ಥವೇನು ಎಂದು ಕೇಳುವುದು ಅರ್ಧ ಪ್ರಶ್ನೆ ಮಾತ್ರ. ಬರೆದವರು ಯಾರು, ಯಾವ ಕಾಲದಲ್ಲಿ, ಯಾರಿಗೆ ಕಾಣಲೆಂದು ಬರೆದರು ಎಂದು ಕೇಳಿದಾಗಲೇ ಪ್ರಶ್ನೆ ಪೂರ್ತಿಯಾಗುತ್ತದೆ. ವೆಸ್ಟ್ ಮೆಂಫಿಸ್ ಕೊಲೆಗಳ ವಿಚಾರಣೆಯಲ್ಲಿ ಅದನ್ನು ಕೇಳುವ ತಾಳ್ಮೆ ಇರಲಿಲ್ಲ.

ಕೋನಮಾಪಕವನ್ನು ಇಟ್ಟು ನೋಡಿದರೆ ನಕ್ಷತ್ರದ ತುದಿ ಪೈಥಾಗೊರಸನ ಕಾಲದಲ್ಲಿ 36 ಡಿಗ್ರಿ, ಇಂದೂ 36 ಡಿಗ್ರಿ. ಮೇಲೆ ಮಾಡಿದರೂ ಅಷ್ಟೆ, ಕೆಳಗೆ ಮಾಡಿದರೂ ಅಷ್ಟೆ. ಒಳಿತು ಕೆಡುಕುಗಳನ್ನು ಅಳೆಯುವ ಗೀಟು ಆ ಉಪಕರಣದ ಮೇಲೆ ಇಲ್ಲ. ಅದನ್ನು ತಿಳಿಯಬೇಕಾದರೆ ಗೆರೆಯನ್ನು ಬಿಟ್ಟು, ಗೆರೆ ಎಳೆದ ಮನುಷ್ಯನನ್ನು ಮಾತನಾಡಿಸಬೇಕಾಗುತ್ತದೆ.